ಬೀಗ ಬಿದ್ದ ಫ್ಯಾಕ್ಟರಿ ಒಳಗೆ ದೊಡ್ಡೋರಿಗೇನು ಕೆಲಸ

ಎಲ್ರಿಗೂ ನಮಸ್ಕಾರ. ನಿಂತುಹೋದ ಫ್ಯಾಕ್ಟರಿಗಳ ಒಳಗೆ ಹೋಗಿ ನೋಡೋ ನನ್ನ ಹವ್ಯಾಸದ ಬಗ್ಗೆ ಒಂದು ಸಭೇಲಿ ಮಾತಾಡಿದ್ದೆ, ಅವತ್ತು ಮಾತಾಡಿದ್ದನ್ನ ಬರೆದು ಕೊಡಿ ಅಂತ ಸುಮಾರು ಜನ ಕೇಳಿದ್ರು. ಮಾತಲ್ಲಿ ಹೇಳಿದ್ದನ್ನ ಹಾಗ್ಹಾಗೇ ಬರೆದ್ರೆ ಓದೋಕಾಗಲ್ಲ, ಹಾಗಾಗಿ ಅಲ್ಲಲ್ಲಿ ಸ್ವಲ್ಪ ಸೇರ್ಸಿದೀನಿ, ಸಭೇಲಿ ಕೇಳಿದ ಪ್ರಶ್ನೆಗಳನ್ನೂ ಆಯಾ ಜಾಗದಲ್ಲೇ ತಂದಿದೀನಿ.

ಒಂದು ಮೆಟ್ಟಿಲಿಂದ ಶುರು ಮಾಡ್ತೀನಿ.

ಅದೊಂದು ನೂಲಿನ ಮಿಲ್ಲು, ನಿಂತು ಎಷ್ಟೋ ವರ್ಷ ಆಗಿತ್ತು, ಮಾಲೀಕರ ಹತ್ರ ಪರ್ಮಿಷನ್ ತಗೊಂಡು ಒಳಗೆ ಹೋಗಿದ್ವಿ. ನಾಲ್ಕು ಮಹಡಿ, ಮೂಲೇಲಿ ಕಲ್ಲಿನ ಮೆಟ್ಟಿಲು. ಟಾರ್ಚ್ ನೆಲಕ್ಕೆ ಹಿಡ್ಕೊಂಡು ಹತ್ತುವಾಗ ನೋಡ್ತೀನಿ, ಪ್ರತಿ ಮೆಟ್ಟಿಲಲ್ಲೂ ಎರಡೆರಡು ತಗ್ಗು. ಮಧ್ಯದಲ್ಲಿ ಕಲ್ಲು ಸರಿಯಾಗೇ ಇದೆ, ಎಡಕ್ಕೊಂದು ಬಲಕ್ಕೊಂದು ಮಾತ್ರ ಬಟ್ಟಲಿನ ಥರ ಸವೆದುಹೋಗಿದೆ. ಯಾಕೆ ಎರಡು ಅಂತ ಅಲ್ಲೇ ನಿಂತು ಯೋಚನೆ ಮಾಡ್ದೆ, ಆಮೇಲೆ ಹೊಳೀತು, ಶಿಫ್ಟು ಬದಲಾಗೋ ಹೊತ್ತಲ್ಲಿ ಇಳಿಯೋರು ಒಂದು ಕಡೆ, ಹತ್ತೋರು ಇನ್ನೊಂದು ಕಡೆ, ಇಬ್ರೂ ಒಂದೇ ಸಮಯಕ್ಕೆ, ದಿನಕ್ಕೆ ಇಷ್ಟು ಸಲ, ವರ್ಷಗಟ್ಲೆ. ಇನ್ನೂ ಒಂದು ವಿಷ್ಯ, ಮೇಲೆ ಹೋಗ್ತಾ ಹೋಗ್ತಾ ಆ ತಗ್ಗು ಕಮ್ಮಿ ಆಗ್ತಾ ಬರುತ್ತೆ. ಮೊದಲನೇ ಮಹಡಿಯ ಮೆಟ್ಟಿಲನ್ನ ಎಲ್ರೂ ತುಳೀಲೇಬೇಕು, ಕೊನೇ ಮಹಡಿಗೆ ಅಲ್ಲಿ ಕೆಲಸ ಇರೋರು ಮಾತ್ರ ಹೋಗ್ತಾರೆ. ಯಾವ ಮಹಡೀಲಿ ಎಷ್ಟು ಜನ ಇದ್ರು ಅನ್ನೋ ಹಾಜರಿ ಪುಸ್ತಕ ಕಲ್ಲಲ್ಲೇ ಇದೆ. ನಾನು ಆ ಮೆಟ್ಟಿಲ ಮೇಲೆ ಕೂತ್ಕೊಂಡು ಕಾಲು ಗಂಟೆ ಎದ್ದಿಲ್ಲ.

ಹನ್ನೆರಡು ವರ್ಷದ ಹುಡುಗ ಆಗಿದ್ದಾಗ ಇದೇ ಮೆಟ್ಟಿಲು ಹತ್ತಿದ್ರೆ ನಂಗೆ ಅದು ಕಾಣ್ತಿರ್ಲಿಲ್ಲ. ಆಗ ಪಾಳು ಕಟ್ಟಡಕ್ಕೆ ಹೋಗ್ತಿದ್ದಿದ್ದೇ ಬೇರೆ ಕಾರಣಕ್ಕೆ, ಅಲ್ಲಿ ದೆವ್ವ ಇದೆ ಅಂತ ಯಾರೋ ಹೇಳಿರ್ತಿದ್ರು, ಇಲ್ಲಾಂದ್ರೆ ಯಾರು ಜಾಸ್ತಿ ಹೊತ್ತು ಒಳಗೆ ಇರ್ತಾರೆ ಅಂತ ಪಂದ್ಯ ಕಟ್ಟಿರ್ತಿದ್ವಿ. ಈಗ ನಲವತ್ತು ದಾಟಿದೆ. ಈಗಲೂ ಹೆದರಿಕೆ ಇದೆ, ಆದ್ರೆ ಅದು ದೆವ್ವದ್ದಲ್ಲ, ಕಾಲ ಕೆಳಗಿನ ಕೊಳೆತ ಹಲಗೇದು. ಸುಮಾರು ಜನ ಕೇಳ್ತಾರೆ, ಇಷ್ಟು ವಯಸ್ಸಾದ್ಮೇಲೂ ನಿಮಗ್ಯಾಕೆ ಇದು, ಮಕ್ಕಳಾಟ ಅಲ್ವಾ ಅಂತ. ನನ್ನ ಅನುಭವದಲ್ಲಿ ಉಲ್ಟಾ. ನಿಂತುಹೋದ ಫ್ಯಾಕ್ಟರಿ ಮಕ್ಕಳಿಗೆ ಬರೀ ಖಾಲಿ ಜಾಗ. ಅದರೊಳಗೆ ಏನಿದೆ ಅಂತ ಕಾಣೋದು ದುಡಿದೋರಿಗೆ. ಎಂಟು ಗಂಟೆ ಅಂದ್ರೆ ಎಷ್ಟು ಉದ್ದ ಅಂತ ಗೊತ್ತಿರೋರಿಗೆ, ಕೆಲಸ ಮುಗಿದ್ಮೇಲೆ ಸೊಂಟ ಹೇಗೆ ಹಿಡಿಯುತ್ತೆ ಅಂತ ಗೊತ್ತಿರೋರಿಗೆ, ನಾಳೆಯಿಂದ ಬರೋದು ಬೇಡ ಅನ್ನೋ ಮಾತು ಕಿವಿಗೆ ಬಿದ್ದು ಗೊತ್ತಿರೋರಿಗೆ.

ಕೊನೇದು ನನ್ನದೇ ಕಥೆ. ಹದಿನಾಲ್ಕು ವರ್ಷ ಒಂದು ಕಂಪನೀಲಿ ಕೆಲಸ ಮಾಡ್ದೆ, ಕಂಪ್ಯೂಟರ್ ಮುಂದೆ ಕೂತು ಮಾಡೋ ಕೆಲಸ, ಚೆನ್ನಾಗೇ ಮಾಡ್ತಿದ್ದೆ. ಒಂದಿನ ಇಡೀ ವಿಭಾಗಾನೇ ಮುಚ್ಚಿದ್ರು. ಡಬ್ಬೀಲಿ ಒಂದು ಕಪ್ಪು, ಎರಡು ಪುಸ್ತಕ, ಒಂದು ಚಾರ್ಜರ್ ಹಾಕ್ಕೊಂಡು ಆಚೆ ಬಂದೆ. ಸಂಜೆ ಹೊತ್ತಿಗೆ ನನ್ನ ಪಾಸ್‌ವರ್ಡ್ ಕೆಲಸ ಮಾಡ್ತಿರ್ಲಿಲ್ಲ, ಮಾರನೇ ವಾರಕ್ಕೆ ನಾವು ಕಟ್ಟಿದ್ದ ಸಿಸ್ಟಮ್ಮೇ ಇರ್ಲಿಲ್ಲ. ಹದಿನಾಲ್ಕು ವರ್ಷದ್ದು ಅಂತ ಕೈಯಲ್ಲಿ ಮುಟ್ಟಿ ತೋರ್ಸೋಕೆ ನನ್ನ ಹತ್ರ ಏನೂ ಇಲ್ಲ. ಅದಾಗಿ ಕೆಲವು ತಿಂಗಳಿಗೆ ಗೆಳೆಯರೊಬ್ರು ಫೋಟೋ ತೆಗೆಯೋಕೆ ಹೊರಟಿದ್ರು, ಜೊತೇಗೆ ಬಾ ಅಂದ್ರು, ಹೋದೆ, ಆ ಮೆಟ್ಟಿಲು ಸಿಕ್ತು. ಅಲ್ಲಿ ಯಾಕೆ ಅಷ್ಟು ಹೊತ್ತು ಕೂತಿದ್ದೆ ಅಂತ ಈಗ ನಿಮಗೆ ಅರ್ಥ ಆಗಿರಬಹುದು. ಹೆಸರು ಗೊತ್ತಿಲ್ದಿರೋ ಸಾವಿರಾರು ಜನ ಬರೀ ಕೆಲಸಕ್ಕೆ ಬಂದು ಹೋಗಿದ್ದಕ್ಕೇ ಕಲ್ಲು ಸವೆದಿದೆ, ಅದನ್ನ ಯಾರೂ ಡಿಲೀಟ್ ಮಾಡೋಕಾಗಲ್ಲ.

ಹಾಳೂರಿಗೆ ಉಳಿದೋನೇ ಗೌಡ ಅಂತಾರಲ್ಲ, ಮೊದಮೊದಲು ಒಳಗೆ ಹೋದಾಗ ಆ ಗೌಡಿಕೆ ಭಾವ ಬಂದೇ ಬರುತ್ತೆ, ಇಷ್ಟು ದೊಡ್ಡ ಜಾಗ, ನಾನೊಬ್ಬನೇ, ಎಲ್ಲಾ ನಂದೇ ಅಂತ. ಅದರಲ್ಲೂ ಒಂದು ಖುಷಿ ಇದೆ, ಸುಳ್ಳು ಹೇಳಲ್ಲ. ನಮ್ಮ ದಿನ ಎಲ್ಲಾ ಹೇಗಿರುತ್ತೆ ನೋಡಿ, ಎಲ್ಲಿ ನಿಲ್ಲಬೇಕು ಅಂತ ನೆಲದ ಮೇಲೆ ಗೆರೆ, ಎಲ್ಲಿ ನೋಡಬೇಕು ಅಂತ ಬೋರ್ಡು, ಪ್ರತಿ ಗೋಡೆಯೂ ಏನೋ ಒಂದು ಮಾರ್ತಾ ಇರುತ್ತೆ. ಇಲ್ಲಿ ಯಾರೂ ಏನೂ ಹೇಳಲ್ಲ, ನೀವೇ ನೋಡಿ ನೀವೇ ಅರ್ಥ ಮಾಡ್ಕೋಬೇಕು. ಆದ್ರೆ ಆ ಗೌಡಿಕೆ ಒಂದು ಗಂಟೆಗಿಂತ ಜಾಸ್ತಿ ಉಳಿಯಲ್ಲ, ಗೋಡೇಲಿ ಬಟ್ಟೆ ನೇತು ಹಾಕೋ ಕೊಕ್ಕೆ ಕಂಡ ತಕ್ಷಣ ಇದು ಬೇರೆಯವರ ಮನೆ ಅನ್ಸೋಕೆ ಶುರುವಾಗುತ್ತೆ.

ಈಗ ನೋಡೋದು ಹೇಗೆ ಅನ್ನೋದಕ್ಕೆ ಬರೋಣ, ನಂಗೆ ತುಂಬಾ ಇಷ್ಟವಾದ ಭಾಗ ಇದು.

ಹೊಸಬರು ಒಳಗೆ ಹೋದ ತಕ್ಷಣ ತುಕ್ಕು, ಬಿದ್ದ ಸುಣ್ಣ, ಕಿಟಕೀಲಿ ಬೆಳೆದಿರೋ ಗಿಡ ಇವನ್ನ ನೋಡ್ತಾರೆ, ನಾನೂ ಹಾಗೇ ನೋಡ್ತಿದ್ದೆ. ಆಮೇಲೆ ಒಬ್ರು ಹೇಳ್ಕೊಟ್ರು, ಮಾಲು ಯಾವ ಕಡೆಯಿಂದ ಒಳಗೆ ಬಂತು, ಯಾವ ಕಡೆಯಿಂದ ಆಚೆ ಹೋಯ್ತು, ಅಷ್ಟನ್ನ ಹುಡುಕು, ಉಳಿದಿದ್ದೆಲ್ಲಾ ತಾನಾಗೇ ಕಾಣುತ್ತೆ ಅಂತ. ಫ್ಯಾಕ್ಟರೀಲಿ ಯಾವುದೂ ಚಂದಕ್ಕೆ ಅಂತ ಇರಲ್ಲ, ಪ್ರತಿ ಗೋಡೆಗೂ ಪ್ರತಿ ತೂತಿಗೂ ಒಂದು ಕಾರಣ ಇರುತ್ತೆ. ಗರಗಸದ ಹಲ್ಲಿನ ಥರ ಇರೋ ಚಾವಣಿ ನೋಡಿರ್ತೀರ, ಒಂದು ಕಡೆ ಇಳಿಜಾರು, ಇನ್ನೊಂದು ಕಡೆ ಪೂರ್ತಿ ಗಾಜು. ಭೂಮಿಯ ಉತ್ತರ ಅರ್ಧದಲ್ಲಿ ಆ ಗಾಜು ಸಾಮಾನ್ಯವಾಗಿ ಉತ್ತರಕ್ಕೇ ಮುಖ ಮಾಡಿರುತ್ತೆ, ಯಾಕಂದ್ರೆ ನೇರ ಬಿಸಿಲು ಬಿದ್ರೆ ನೆರಳು ಬೀಳುತ್ತೆ, ಕಣ್ಣು ಕುಕ್ಕುತ್ತೆ, ಸೂಜಿಯಷ್ಟು ಸಣ್ಣ ಕೆಲಸ ಮಾಡೋರಿಗೆ ಇಡೀ ದಿನ ಒಂದೇ ಥರದ ಬೆಳಕು ಬೇಕು. ದಕ್ಷಿಣ ಅರ್ಧದಲ್ಲಿ ಅದೇ ಗಾಜು ದಕ್ಷಿಣಕ್ಕೆ. ಅಂದ್ರೆ ದಿಕ್ಸೂಚಿ ಇಲ್ದೇನೂ ಹಳೇ ಶೆಡ್ಡಲ್ಲಿ ದಿಕ್ಕು ಗೊತ್ತಾಗುತ್ತೆ.

ಹಳೇ ಮಿಲ್ಲುಗಳು ಯಾಕೆ ಎತ್ತರಕ್ಕೆ, ಅಗಲ ಕಮ್ಮಿ ಇಟ್ಟು ಕಟ್ಟಿರ್ತಾರೆ? ಒಂದು, ಕಿಟಕಿ ಬೆಳಕು ಮಧ್ಯದವರೆಗೂ ಬರಬೇಕು. ಎರಡು, ಆಗ ಪ್ರತಿ ಯಂತ್ರಕ್ಕೆ ಒಂದೊಂದು ಮೋಟರ್ ಇರ್ಲಿಲ್ಲ, ಕೆಳಗೆಲ್ಲೋ ಒಂದೇ ಒಂದು ಸ್ಟೀಮ್ ಇಂಜಿನ್ನು, ಅದರಿಂದ ಹಗ್ಗಾನೋ ಬೆಲ್ಟೋ ಹಾಯ್ದು ಪ್ರತಿ ಮಹಡಿಗೂ ಶಕ್ತಿ ಹೋಗ್ಬೇಕಿತ್ತು, ಪ್ರತಿ ಮಹಡಿ ಸೂರಿನ ಕೆಳಗೆ ಈ ತುದಿಯಿಂದ ಆ ತುದಿಗೆ ಒಂದು ಉದ್ದನೆ ಶಾಫ್ಟು, ಅಂದ್ರೆ ತಿರುಗ್ತಾ ಇರೋ ಕಬ್ಬಿಣದ ದಂಡ, ಅದರಿಂದ ಒಂದೊಂದು ಯಂತ್ರಕ್ಕೆ ಒಂದೊಂದು ಚರ್ಮದ ಬೆಲ್ಟು ಇಳಿಬಿಟ್ಟಿರ್ತಿದ್ರು. ಯಂತ್ರಗಳನ್ನ ಗುಜರಿಗೆ ಹಾಕಿ ಎಷ್ಟೇ ವರ್ಷ ಆಗಿರ್ಲಿ, ತಲೆ ಎತ್ತಿ ನೋಡಿದ್ರೆ ಆ ಶಾಫ್ಟನ್ನ ಹಿಡಿದಿದ್ದ ಕಬ್ಬಿಣದ ಹ್ಯಾಂಗರ್‌ಗಳು, ಇಲ್ಲಾ ಅವುಗಳ ಬೋಲ್ಟಿನ ತೂತುಗಳು ಸಾಲಾಗಿ ಕಾಣುತ್ತೆ, ತಲೆ ತಗ್ಗಿಸಿ ನೋಡಿದ್ರೆ ನೆಲದಲ್ಲಿ ಎಣ್ಣೆ ಕುಡಿದು ಕಪ್ಪಾಗಿರೋ ಚೌಕಗಳು ಅದೇ ಸಾಲಲ್ಲಿ. ಎರಡನ್ನೂ ಜೋಡಿಸಿದ್ರೆ ಯಂತ್ರ ಎಲ್ಲಿತ್ತು, ಆಪರೇಟರ್ ಯಾವ ಕಡೆ ನಿಂತಿದ್ರು ಅಂತಾನೂ ಹೇಳಬಹುದು, ನಿಂತ ಕಡೆ ಹಲಗೆ ನುಣ್ಣಗೆ ಹೊಳೀತಿರುತ್ತೆ.

ಒಂದ್ಸಲ ಯಜಮಾನ್ರೊಬ್ರನ್ನ ಜೊತೇಲಿ ಕರ್ಕೊಂಡು ಹೋಗಿದ್ವಿ. ಆ ಮೆಟ್ಟಿಲಿರೋ ಮಿಲ್ಲಲ್ಲೇ ಫಿಟ್ಟರ್ ಆಗಿದ್ದೋರು, ಎಪ್ಪತ್ತೆಂಟು ವಯಸ್ಸು. ಬರ್ತೀರಾ ಅಂತ ಕೇಳೋಕೆ ನಂಗೆ ಸಂಕೋಚ ಆಗಿತ್ತು, ಅವರಿಗೆ ಬೇಜಾರಾಗುತ್ತೇನೋ ಅಂತ. ಬಾಗಿಲು ದಾಟಿದ್ದೇ ತಡ ಅವರು ನಮ್ಮ ಟಾರ್ಚಿಗೂ ಕಾಯದೆ ಮುಂದೆ ನಡೆದ್ರು, ಕತ್ತಲಲ್ಲಿ, ಎಲ್ಲಿ ಕಂಬ ಇದೆ ಎಲ್ಲಿ ತಿರುವು ಇದೆ ಅಂತ ಕಾಲಿಗೇ ಗೊತ್ತಿತ್ತು. ನೆಲ ಗಟ್ಟಿ ಇರಲ್ಲ ನಿಧಾನ ಯಜಮಾನ್ರೇ ಅಂತ ನಾವು ಹಿಂದಿಂದ ಕೂಗೋದೇ ಆಯ್ತು. ಮೇಲೆ ಒಂದು ಕಡೆ ಶಾಫ್ಟಿನ ತುಂಡು ಇನ್ನೂ ಬೇರಿಂಗಲ್ಲೇ ಕೂತಿತ್ತು. ನನ್ನ ಹತ್ರ ಸ್ಕ್ರೂಡ್ರೈವರ್ ಕೇಳಿ ಇಸ್ಕೊಂಡ್ರು, ತುದೀನ ಬೇರಿಂಗ್ ಮೇಲಿಟ್ಟು ಹಿಡಿಕೆಯನ್ನ ಕಿವಿಯ ಹಿಂದಿನ ಮೂಳೆಗೆ ಒತ್ಕೊಂಡು, "ನೋಡಪ್ಪ, ಹಿಂಗೆ. ಚೆನ್ನಾಗಿದ್ರೆ ಒಂದೇ ಸಮ ಗುಂಯ್ ಅಂತಿರುತ್ತೆ. ಮರಳು ಉಜ್ಜಿದ ಹಂಗೆ ಕೇಳಿದ್ರೆ ಎಣ್ಣೆ ಇಲ್ಲ ಅಂತ. ಟಕ್ ಟಕ್ ಅಂದ್ರೆ ಇನ್ನು ಎರಡು ದಿನ, ಅಷ್ಟೇ" ಅಂದ್ರು. ಅಷ್ಟು ಗಲಾಟೆಯಲ್ಲಿ ಅದೊಂದು ಹೇಗೆ ಕೇಳ್ತಿತ್ತು ಅಂದೆ. ಕಿವೀಲಿ ಕೇಳೋದಲ್ಲ ಕಣಪ್ಪ, ಮೂಳೇಲಿ ಕೇಳೋದು ಅಂದ್ರು.

ಪಕ್ಕದ ಮಗ್ಗದ ಶೆಡ್ಡಲ್ಲಿ ಇನ್ನೂ ಜಾಸ್ತಿ ಸದ್ದಂತೆ, ನೂರಾರು ಮಗ್ಗ, ಲಾಳಿ ಆ ಕಡೆ ಈ ಕಡೆ ಹೊಡ್ಕೊಳೋ ಸದ್ದು, ಪಕ್ಕದಲ್ಲಿರೋರ ಮಾತೂ ಕೇಳಲ್ಲ. ಅಲ್ಲಿದ್ದೋರೆಲ್ಲಾ ತುಟಿ ನೋಡ್ಕೊಂಡೇ ಮಾತಾಡ್ತಿದ್ರು. ಇದು ಒಂದು ಮಿಲ್ಲಿನ ವಿಷ್ಯ ಅಲ್ಲ, ಇಂಗ್ಲೆಂಡಿನ ಲ್ಯಾಂಕಷೈರಲ್ಲಿ ನೇಯ್ಗೆ ಕೆಲಸದ ಹೆಂಗಸರು ತುಟಿ ಮುಖ ಎಲ್ಲಾ ಅಗಲಿಸಿ ಸದ್ದಿಲ್ದೆ ಮಾತಾಡೋದನ್ನ ಒಂದು ಭಾಷೆ ಥರಾನೇ ಬೆಳೆಸ್ಕೊಂಡಿದ್ರು, ಅದಕ್ಕೆ ಮೀ-ಮಾಯಿಂಗ್ ಅಂತ ಹೆಸರೇ ಇತ್ತು. ಸುಮಾರು ಜನಕ್ಕೆ ವಯಸ್ಸಾದಾಗ ಕಿವೀನೂ ಹೋಯ್ತು. ಖಾಲಿ ಮಗ್ಗದ ಶೆಡ್ಡು ಎಷ್ಟು ಪ್ರಶಾಂತ ಅಂತ ಫೋಟೋ ಕೆಳಗೆ ಬರೀತಾರಲ್ಲ, ನಾನೂ ಬರ್ದಿದೀನಿ, ಯಜಮಾನ್ರ ಜೊತೆ ಹೋಗಿ ಬಂದ್ಮೇಲೆ ಆ ಪದ ಬಳಸೋದು ಬಿಟ್ಟೆ.

ಜರ್ಮನಿಯ ಬರ್ನ್ಡ್ ಬೆಖರ್, ಹಿಲ್ಲಾ ಬೆಖರ್ ಅನ್ನೋ ಗಂಡ ಹೆಂಡತಿ 1959ರಿಂದ ಜೊತೆಯಾಗಿ ನೀರಿನ ಟ್ಯಾಂಕು, ಊದುಕುಲುಮೆ (ಅದಿರು ಕರಗಿಸಿ ಕಬ್ಬಿಣ ತೆಗೆಯೋ ದೊಡ್ಡ ಕುಲುಮೆ), ಕೂಲಿಂಗ್ ಟವರ್, ಗಣಿ ಬಾಯಿ ಮೇಲಿನ ಕಬ್ಬಿಣದ ಗೋಪುರ, ಇವುಗಳ ಫೋಟೋ ತೆಗೀತಾ ಹೋದ್ರು, ದಶಕಗಟ್ಲೆ ಅದನ್ನೇ ಮಾಡಿದ್ರು. ಮೋಡ ಕವಿದ ದಿನಾನೇ ಆರಿಸ್ಕೊಳೋರು, ನೆರಳು ಬೀಳಬಾರದು, ನೇರ ಎದುರಿಂದ, ಎಲ್ಲಾ ಒಂದೇ ಅಳತೇಲಿ, ಆಮೇಲೆ ಒಂಬತ್ತೋ ಹನ್ನೆರಡೋ ಟ್ಯಾಂಕಿನ ಫೋಟೋಗಳನ್ನ ಪಕ್ಕಪಕ್ಕ ಇಟ್ಟು ತೋರ್ಸೋರು. ಹಾಗಿಟ್ಟಾಗ ಮಾತ್ರ ಕಾಣುತ್ತೆ, ಎಲ್ಲಾ ಒಂದೇ ಕೆಲಸಕ್ಕೆ ಕಟ್ಟಿದ್ದು ಆದ್ರೆ ಒಂದೂ ಇನ್ನೊಂದರ ಥರ ಇಲ್ಲ. 1990ರಲ್ಲಿ ಇಟಲಿಯ ವೆನಿಸ್ ಬಿಯೆನಾಲೆ ಅನ್ನೋ ದೊಡ್ಡ ಕಲಾ ಪ್ರದರ್ಶನದಲ್ಲಿ ಅವರಿಗೆ ಗೋಲ್ಡನ್ ಲಯನ್ ಪ್ರಶಸ್ತಿ ಬಂತು, ಫೋಟೋಗ್ರಫಿಗಲ್ಲ, ಶಿಲ್ಪಕಲೆಗೆ. ಆ ಫೋಟೋಗಳಲ್ಲಿ ಹಾಳು ಬಿದ್ದಿದ್ದರ ಸೌಂದರ್ಯ ಅಂತ ಏನೂ ಇಲ್ಲ, ಆ ವಸ್ತು ಹೇಗಿದೆಯೋ ಹಾಗೆ, ಮರ್ಯಾದೆಯಿಂದ. ನಂಗೆ ಕ್ಯಾಮೆರಾ ಹಿಡಿಯೋದು ಅಷ್ಟಕ್ಕಷ್ಟೆ, ಆದ್ರೆ ನಿಂತು ನೋಡೋದು ಹೇಗೆ ಅಂತ ಕಲಿತಿದ್ದು ಇವರಿಂದ.

ಕದ್ದು ಹೋಗದೆ ನೋಡೋಕೆ ಎಲ್ಲಿ ಸಿಗುತ್ತೆ ಅಂತ ಸಭೇಲಿ ಒಬ್ರು ಕೇಳಿದ್ರು. ಸಿಗುತ್ತೆ, ಮತ್ತೆ ಅದೇ ಒಳ್ಳೇದು. ಜರ್ಮನಿಯ ಡ್ಯೂಸ್‌ಬರ್ಗಲ್ಲಿ 1985ರಲ್ಲಿ ನಿಂತುಹೋದ ಒಂದು ಕಬ್ಬಿಣದ ಕಾರ್ಖಾನೆ ಇದೆ, ಪೀಟರ್ ಲಾಟ್ಸ್ ಅನ್ನೋ ಭೂದೃಶ್ಯ ವಿನ್ಯಾಸಕರು ಅದನ್ನ ಕೆಡವದೆ ಹಾಗೇ ಉಳಿಸಿ ಸುತ್ತ ಪಾರ್ಕು ಮಾಡಿದ್ರು. 70 ಮೀಟರಿನ ಹತ್ರ ಎತ್ತರ ಇರೋ ಊದುಕುಲುಮೆ ಮೇಲೆ ಜನ ಹತ್ತಿ ಹೋಗಬಹುದು, ಅದಿರು ತುಂಬಿಡ್ತಿದ್ದ ಕಾಂಕ್ರೀಟ್ ಕೋಣೆಗಳ ಗೋಡೆಗಳಲ್ಲಿ ಪರ್ವತಾರೋಹಣ ಕಲಿತಾರೆ, ಗ್ಯಾಸ್ ತುಂಬಿಡ್ತಿದ್ದ ದೊಡ್ಡ ಟ್ಯಾಂಕಿಗೆ ನೀರು ತುಂಬಿ ಅದರಲ್ಲಿ ಡೈವಿಂಗ್ ಮಾಡ್ತಾರೆ. ಎಸೆನ್ ಅನ್ನೋ ಊರಿನ ಸೋಲ್ವರೈನ್ ಕಲ್ಲಿದ್ದಲು ಗಣಿ 1986ರ ಡಿಸೆಂಬರಲ್ಲಿ ಮುಚ್ತು, 2001ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರ್ತು. ಅಲ್ಲಿ ಗಣಿ ಕೆಲಸಗಾರರು ಸ್ನಾನ ಮಾಡಿ ಬಟ್ಟೆ ಬದಲಾಯಿಸ್ತಿದ್ದ ಒಂದು ಕಟ್ಟಡ ಈಗ ನೃತ್ಯ ಕೇಂದ್ರ. ಅಂಥ ಹಾಲ್‌ಗಳ ವಿಷ್ಯ ಒಂದು ಮಾತು ಹೇಳಬೇಕು, ಅಲ್ಲಿನ ಗಣಿಗಳಲ್ಲಿ ಬಟ್ಟೆ ಇಡೋಕೆ ಬೀರು ಇರ್ತಿರ್ಲಿಲ್ಲ, ಪ್ರತಿಯೊಬ್ರಿಗೂ ಒಂದು ಸರಪಳಿ, ಅದರ ತುದೀಲಿ ಕೊಕ್ಕೆ. ಬಟ್ಟೆ ಸಿಗಿಸಿ ಸರಪಳಿ ಎಳೆದ್ರೆ ಅದು ಸೂರಿಗೆ ಹೋಗುತ್ತೆ, ಕೆಳಗೆ ಬೀಗ ಹಾಕೋದು. ಮೇಲಿನ ಬಿಸಿ ಗಾಳಿಗೆ ಒದ್ದೆ ಬಟ್ಟೆ ಒಣಗುತ್ತೆ, ಜಾಗಾನೂ ಉಳಿಯುತ್ತೆ. ತಲೆ ಎತ್ತಿದ್ರೆ ನೂರಾರು ಅಂಗಿ ಪ್ಯಾಂಟು ಸೂರಲ್ಲಿ ತೂಗ್ತಾ ಇರ್ತಿದ್ವು. ಸಂಜೆ ಯಾರ ಸರಪಳಿ ಕೆಳಗೆ ಇಳಿದಿಲ್ಲ ಅಂತ ನೋಡಿದ್ರೆ ಯಾರು ಇನ್ನೂ ಗಣಿಯಿಂದ ಮೇಲೆ ಬಂದಿಲ್ಲ ಅಂತ ಗೊತ್ತಾಗುತ್ತೆ. ಈ ಮಾತು ಹೇಳ್ತಿದ್ದಾಗ ಸಭೆ ಒಂದು ಕ್ಷಣ ತಣ್ಣಗಾಯ್ತು.

ಇನ್ನೊಂದು ಜರ್ಮನಿಯದೇ ಫೋಲ್ಕ್‌ಲಿಂಗೆನ್ ಊರಿನ ಕಬ್ಬಿಣದ ಕಾರ್ಖಾನೆ. ಆರು ಊದುಕುಲುಮೆ ಒಂದೇ ಸಾಲಲ್ಲಿ, 1986ರಲ್ಲಿ ಆರಿದ್ದು, 1994ರಲ್ಲಿ ವಿಶ್ವ ಪರಂಪರೆ ಆಯ್ತು. ಊದುಕುಲುಮೆ ಅಂದ್ರೆ ಗೊತ್ತಿಲ್ದೋರಿಗೆ ಚಿಕ್ಕದಾಗಿ ಹೇಳ್ಬಿಡ್ತೀನಿ. ಮೇಲಿಂದ ಅದಿರು, ಕೋಕು (ಕಲ್ಲಿದ್ದಲು ಕಾಸಿ ಮಾಡಿದ ಇಂಧನ), ಸುಣ್ಣದ ಕಲ್ಲು ಸುರೀತಾರೆ, ಕೆಳಗಿಂದ ಚೆನ್ನಾಗಿ ಕಾಸಿದ ಗಾಳಿ ಊದ್ತಾರೆ, ಕರಗಿದ ಕಬ್ಬಿಣ ತಳಕ್ಕೆ ಇಳಿಯುತ್ತೆ, ಕೆಲವು ಗಂಟೆಗೊಂದ್ಸಲ ತಳದ ತೂತು ಕೊರೆದು ಆಚೆ ಹರಿಸ್ತಾರೆ. ಒಂದ್ಸಲ ಹೊತ್ತಿಸಿದ್ರೆ ವರ್ಷಗಟ್ಲೆ ಆರಿಸಲ್ಲ, ಹಬ್ಬ ಇಲ್ಲ ಭಾನುವಾರ ಇಲ್ಲ, ರಾತ್ರಿ ಮೂರಕ್ಕೂ ಅಲ್ಲಿ ಯಾರಾದ್ರೂ ಎದ್ದಿರಲೇಬೇಕು. ಆರಿಸಿದಾಗ ಪೂರ್ತಿ ಹರಿದು ಹೋಗದೆ ತಳದಲ್ಲಿ ಉಳಿದ ಕಬ್ಬಿಣ ಅಲ್ಲೇ ಹೆಪ್ಪುಗಟ್ಟಿ ಒಂದು ದೊಡ್ಡ ಗಟ್ಟಿ ಆಗುತ್ತೆ, ಕುಲುಮೆಯೋರು ಅದನ್ನ ಸ್ಯಾಲಮ್ಯಾಂಡರ್ ಅಂತಾರೆ. ನಿಂತ ಕುಲುಮೆ ಮುಂದೆ ನಿಂತಾಗ ನಂಗೆ ಅದೇ ನೆನಪಾಗುತ್ತೆ, ಕೊನೇ ಪಾಳಿಯ ಕಬ್ಬಿಣ, ಯಾವ ಅಚ್ಚಿಗೂ ಹೋಗದೆ ಉಳಿದಿದ್ದು.

ಆದ್ರೆ ಫೋಲ್ಕ್‌ಲಿಂಗೆನ್ ಬಗ್ಗೆ ಅಷ್ಟೇ ಹೇಳಿ ನಿಲ್ಸಿದ್ರೆ ತಪ್ಪಾಗುತ್ತೆ. ಎರಡೂ ಮಹಾಯುದ್ಧದ ಕಾಲದಲ್ಲಿ ಅಲ್ಲಿ ಕೈದಿಗಳನ್ನ, ಹಿಡಿದು ತಂದ ಜನಾನ ಬಲವಂತವಾಗಿ ದುಡಿಸಿದ್ರು. ಜಪಾನಿನ ಹಾಷಿಮಾ ದ್ವೀಪದ ಫೋಟೋಗಳನ್ನ ನೀವು ನೋಡೇ ಇರ್ತೀರ, ಸಮುದ್ರದ ಮಧ್ಯೆ ಯುದ್ಧದ ಹಡಗಿನ ಥರ ಕಾಣೋ ಕಾಂಕ್ರೀಟ್ ದ್ವೀಪ. ಬರೀ 6.3 ಹೆಕ್ಟೇರ್ ಜಾಗ, ಸಮುದ್ರದ ಕೆಳಗೆ ಕಲ್ಲಿದ್ದಲು ಗಣಿ, 1959ರಲ್ಲಿ ಅಲ್ಲಿ 5,259 ಜನ ಇದ್ರು, 1974ರಲ್ಲಿ ಗಣಿ ಮುಚ್ಚಿ ಏಪ್ರಿಲ್ ಹೊತ್ತಿಗೆ ಎಲ್ರೂ ಖಾಲಿ ಮಾಡಿದ್ರು. ಟಿವಿ, ಮಕ್ಕಳ ಬೂಟು, ಮಂಚ ಎಲ್ಲಾ ಹಾಗೇ ಬಿಟ್ಟು ಹೋದ ಚಿತ್ರಗಳು ಮನಸ್ಸನ್ನ ಹಿಡ್ಕೊಂಡುಬಿಡುತ್ತೆ. ಆದ್ರೆ ಎರಡನೇ ಮಹಾಯುದ್ಧದ ಕಾಲದಲ್ಲಿ ಕೊರಿಯಾ ಮತ್ತು ಚೀನಾದಿಂದ ತಂದ ಜನಾನ ಅದೇ ಗಣಿಗೆ ಇಳಿಸಿದ್ರು, 2015ರಲ್ಲಿ ವಿಶ್ವ ಪರಂಪರೆ ಆಗುವಾಗಲೂ ಅದನ್ನ ಹೇಗೆ ಹೇಳಬೇಕು ಅಂತ ದೇಶಗಳ ನಡುವೆ ಜಗಳಾನೇ ಆಯ್ತು. ಸವೆದ ಮೆಟ್ಟಿಲಿಗೆ ಸಂಬಳ ತಗೊಂಡೋರ ಕಾಲು, ಬಲವಂತಕ್ಕೆ ಬಂದೋರ ಕಾಲು ಅಂತ ವ್ಯತ್ಯಾಸ ಗೊತ್ತಾಗಲ್ಲ. ಅದನ್ನ ನಾವೇ ಓದಿ, ಕೇಳಿ ತಿಳ್ಕೊಂಡು ಹೋಗ್ಬೇಕು.

ಇದೇ ಜಾಗದಲ್ಲಿ ಒಬ್ಬ ಹೆಣ್ಮಗಳು ಎದ್ದು ಕೇಳಿದ್ರು, ಬೇರೆಯವರ ಕೆಲಸ ಹೋದ ಜಾಗಕ್ಕೆ ಹೋಗಿ ನಾವು ಖುಷಿ ಪಡೋದು ಸರೀನಾ ಸಾರ್ ಅಂತ. ಅವತ್ತು ಬಂದ ಪ್ರಶ್ನೇಲಿ ನಂಗೆ ತುಂಬಾ ಮುಖ್ಯ ಅನ್ಸಿದ್ದು ಇದೇ. ಅಮೆರಿಕದ ಡೆಟ್ರಾಯಿಟ್ ಊರಿನೋರು ಈ ಪ್ರಶ್ನೇನ ಗಟ್ಟಿಯಾಗೇ ಕೇಳಿದ್ರು. 1950ರಲ್ಲಿ 18 ಲಕ್ಷಕ್ಕೂ ಮೇಲೆ ಜನ ಇದ್ದ ಊರು, 2020ರ ಹೊತ್ತಿಗೆ ಸುಮಾರು 6.4 ಲಕ್ಷ. 1903ರಲ್ಲಿ ಶುರುವಾದ ಅಲ್ಲಿನ ಪ್ಯಾಕರ್ಡ್ ಕಾರು ಕಾರ್ಖಾನೆ ನಿಂತು ದಶಕಗಟ್ಲೆ ಹಾಳು ಬಿದ್ದಿತ್ತು, ಪ್ರಪಂಚದ ಎಲ್ಲಾ ಕಡೆಯಿಂದ ಜನ ಫೋಟೋ ತೆಗೆಯೋಕೆ ಬರ್ತಿದ್ರು. ಊರಿನೋರು ಹೇಳಿದ್ದು ಏನಂದ್ರೆ, ನಿಮ್ಮ ಫೋಟೋದಲ್ಲಿ ನಾವೇ ಇಲ್ಲ, ಈ ಊರಲ್ಲಿ ಇನ್ನೂ ಲಕ್ಷಾಂತರ ಜನ ಬದುಕ್ತಿದೀವಿ, ನೀವು ಸತ್ತ ಊರು ಅಂತ ತೋರಿಸ್ತಿದೀರ ಅಂತ. ಅದಕ್ಕೆ ನನ್ನ ಹತ್ರ ಎದುರು ಮಾತಿಲ್ಲ, ಅವರು ಹೇಳಿದ್ದು ನಿಜ. ಆ ಹೆಣ್ಮಗಳಿಗೆ ನಾನು ಹೇಳಿದ್ದು ಇಷ್ಟು, ಒಳಗೆ ಹೋಗಿ ಬಂದ್ಮೇಲೆ ನಿಮಗೆ ಅಲ್ಲಿ ಕೆಲಸ ಮಾಡಿದ ಒಬ್ಬರನ್ನಾದ್ರೂ ಹುಡುಕಿ ಮಾತಾಡ್ಸಬೇಕು ಅನ್ಸಿದ್ರೆ ಹೋಗಿದ್ದು ಸರಿ, ಬರೀ ಫೋಟೋ ಹಾಕ್ಬೇಕು ಅನ್ಸಿದ್ರೆ ಇನ್ನೊಂದ್ಸಲ ಯೋಚನೆ ಮಾಡಿ. 2003ರಲ್ಲಿ ರಷ್ಯಾದ ನಿಜ್ನಿ ತಗೀಲ್ ಊರಲ್ಲಿ ಕೈಗಾರಿಕಾ ಪರಂಪರೆಯ ಬಗ್ಗೆ ಒಂದು ಸನ್ನದು ಒಪ್ಕೊಂಡ್ರು, ಈ ಕಟ್ಟಡಗಳಿಗೆ ಬೆಲೆ ಯಾಕೆ ಅನ್ನೋದಕ್ಕೆ ಅದರಲ್ಲಿರೋ ಒಂದು ಕಾರಣ, ಇವು ಸಾಮಾನ್ಯ ಗಂಡಸರು ಹೆಂಗಸರು ಬದುಕಿದ್ದಕ್ಕೆ ದಾಖಲೆ ಅಂತ. ಅರಮನೆಗೆ ದೇವಸ್ಥಾನಕ್ಕೆ ಶಾಸನ ಇರುತ್ತೆ, ಇವರಿಗೆ ಇದೇ.

ಈಗ ಅಪಾಯದ ವಿಷ್ಯ, ದಯವಿಟ್ಟು ಇದನ್ನ ಬಿಟ್ಟು ಮುಂದಕ್ಕೆ ಹೋಗ್ಬೇಡಿ.

ಮೊದಲು ಪರ್ಮಿಷನ್. ಬೇಲಿ ಹಾರಿ ಹೋಗೋರು ಇದಾರೆ, ನಾನು ಹಾಗೆ ಹೋಗಲ್ಲ, ಹೋಗಿ ಅಂತ ಯಾರಿಗೂ ಹೇಳಲ್ಲ. ಕಾನೂನಿನ ಮಾತು ಒಂದು ಕಡೆ, ಇನ್ನೊಂದೇನಂದ್ರೆ ಮಾಲೀಕರಿಗೋ ವಾಚ್‌ಮನ್‌ಗೋ ಗೊತ್ತಿದ್ರೆ ಯಾವ ಕಡೆ ನೆಲ ಕುಸಿದಿದೆ ಅಂತ ಅವರೇ ಹೇಳ್ತಾರೆ, ಸಂಜೆ ಆಚೆ ಬರ್ದೇ ಇದ್ರೆ ಹುಡುಕೋಕೂ ಒಬ್ರು ಇರ್ತಾರೆ. ಕೇಳಿದ್ರೆ ಬೈತಾರೆ ಅಂತ ಹೆದರ್ತೀವಿ, ಹತ್ತು ಕಡೆ ಕೇಳಿದ್ರೆ ಮೂರು ನಾಲ್ಕು ಕಡೆ ಒಪ್ಪಿದಾರೆ ನಂಗೆ.

ಮರದ ನೆಲ ನೋಡೋಕೆ ಗಟ್ಟಿ ಇರುತ್ತೆ, ಸೂರು ಸೋರೋ ಕಡೆ ಒಳಗೊಳಗೇ ಕೊಳೆತಿರುತ್ತೆ. ಹಲಗೇಲಿ ಮೊಳೆಗಳ ಸಾಲು ಎಲ್ಲಿದೆ ನೋಡಿ, ಅದರ ಕೆಳಗೆ ತೊಲೆ ಇರುತ್ತೆ, ನಡೀಲೇಬೇಕಾದ್ರೆ ಅದರ ಮೇಲೆ, ತೊಲೇನೇ ಹಾಳಾಗಿದೆ ಅನ್ನೋ ಅನುಮಾನ ಬಂದ್ರೆ ವಾಪಸ್ ತಿರುಗಿ. ನೆಲದ ಮೇಲೆ ಬಿದ್ದಿರೋ ತಗಡು, ಪ್ಲೈವುಡ್ಡು ಯಾವುದರ ಮೇಲೂ ಕಾಲಿಡಬೇಡಿ, ಯಾರೋ ತೂತು ಮುಚ್ಚೋಕೇ ಅದನ್ನ ಹಾಕಿರ್ತಾರೆ.

ಟ್ಯಾಂಕಿನ ಒಳಗೆ, ನೆಲದ ಕೆಳಗಿನ ಗುಂಡಿ ಒಳಗೆ ಯಾವತ್ತೂ ಇಳೀಬೇಡಿ. ಇದು ಸುಮಾರು ಜನಕ್ಕೆ ಗೊತ್ತಿಲ್ಲ, ಮುಚ್ಚಿರೋ ಕಬ್ಬಿಣದ ಟ್ಯಾಂಕಲ್ಲಿ ಬರೀ ತುಕ್ಕು ಹಿಡಿದ್ರೂ ಸಾಕು, ತುಕ್ಕು ಹಿಡಿಯೋದು ಅಂದ್ರೆ ಕಬ್ಬಿಣ ಗಾಳಿಯ ಆಮ್ಲಜನಕ ಕುಡಿಯೋದು, ವರ್ಷಗಟ್ಲೆ ಮುಚ್ಚಿದ್ರೆ ಒಳಗಿನ ಗಾಳೀಲಿ ಉಸಿರಾಡೋಕೆ ಬೇಕಾದಷ್ಟು ಉಳಿದಿರಲ್ಲ. ವಾಸನೆ ಬರಲ್ಲ, ಕೆಮ್ಮು ಬರಲ್ಲ, ಏನೂ ಗೊತ್ತಾಗಲ್ಲ, ಇಳಿದೋರು ಹಾಗೇ ಕುಸಿದು ಬೀಳ್ತಾರೆ, ಅವರನ್ನ ಎತ್ತೋಕೆ ಅಂತ ಇಳಿದೋರೂ ಅಲ್ಲೇ ಬೀಳ್ತಾರೆ.

ಮತ್ತೆ ಕಲ್ನಾರು, ಅಂದ್ರೆ ಆಸ್ಬೆಸ್ಟಾಸ್. ಹಳೇ ಬಾಯ್ಲರ್ ಸುತ್ತ, ಸ್ಟೀಮ್ ಪೈಪಿನ ಸುತ್ತ ಬಿಳೀ ಬೂದು ಬಣ್ಣದ ಪಟ್ಟಿ ಸುತ್ತಿರ್ತಾರಲ್ಲ, ಕಿತ್ತು ಬಂದು ನೇತಾಡ್ತಿರುತ್ತೆ, ಅದು ಕಲ್ನಾರೇ ಅಂತ ಅಂದ್ಕೊಂಡು ದೂರ ಇರಿ. ಅದರ ಎಳೆ ಕಣ್ಣಿಗೆ ಕಾಣಲ್ಲ, ಶ್ವಾಸಕೋಶಕ್ಕೆ ಹೋದ್ರೆ ಆಚೆ ಬರಲ್ಲ, ರೋಗ ಕಾಣ್ಸೋದು 20, 30, 40 ವರ್ಷ ಆದ್ಮೇಲೆ. ಬಟ್ಟೆ ಮಾಸ್ಕು, ಪೇಪರ್ ಮಾಸ್ಕು ಇದಕ್ಕೆ ಪ್ರಯೋಜನ ಇಲ್ಲ. ನಮ್ಮ ಫಿಟ್ಟರ್ ಯಜಮಾನ್ರ ಜೊತೆ ಬಾಯ್ಲರ್ ಮನೇಲಿ ಕೆಲಸ ಮಾಡ್ತಿದ್ದ ಇಬ್ರು ಉಸಿರಾಟದ ತೊಂದರೇಲೇ ಹೋದ್ರಂತೆ, ಆಗ ಯಾರೂ ಕಾರಣ ಹೇಳ್ಲಿಲ್ಲ. ಅವರು ದಿನಾ ಉಸಿರಾಡ್ತಿದ್ದ ಧೂಳದು. ನಾವು ಬೇಡ ಅಂದ್ರೆ ಆಚೆ ಬರಬಹುದು, ಅವರಿಗೆ ಆ ಆಯ್ಕೆ ಇರ್ಲಿಲ್ಲ.

ಒಬ್ಬರೇ ಹೋಗ್ಬೇಡಿ, ಎಲ್ಲಿಗೆ ಹೋಗ್ತಿದೀವಿ ಎಷ್ಟೊತ್ತಿಗೆ ಬರ್ತೀವಿ ಅಂತ ಮನೇಲಿ ಹೇಳಿ ಹೋಗಿ, ದಪ್ಪ ಸೋಲಿನ ಬೂಟು, ತಲೆಗೆ ಹೆಲ್ಮೆಟ್ಟು, ಒಂದು ಕೆಟ್ರೆ ಇನ್ನೊಂದು ಅಂತ ಎರಡು ಟಾರ್ಚು. ಒಳಗಿಂದ ಏನನ್ನೂ ತರಬೇಡಿ, ಒಂದು ನಟ್ಟೂ ಕೂಡ.

ಇದೆಲ್ಲಾ ಕೇಳಿ ಕೆಲವರಿಗೆ ಇಷ್ಟು ಕಷ್ಟ ಯಾಕೆ ಅನ್ಸಬಹುದು. ನಿಜ ಹೇಳ್ತೀನಿ, ಹೆಜ್ಜೆ ಹೆಜ್ಜೆಗೂ ಕಾಲು ಎಲ್ಲಿಡ್ತೀನಿ ಅಂತ ನೋಡ್ಕೊಂಡು ಮೂರು ಗಂಟೆ ಕಳೆದ್ಮೇಲೆ ತಲೆ ಒಂಥರಾ ತೊಳೆದ ಹಾಗೆ ಆಗಿರುತ್ತೆ. ಫೋನ್ ಜೇಬಲ್ಲೇ ಇರುತ್ತೆ, ಇದೆ ಅನ್ನೋದೂ ಮರೆತುಹೋಗಿರುತ್ತೆ. ಕಣ್ಣು, ಕಿವಿ, ಅಂಗಾಲು ಎಲ್ಲಾ ಒಟ್ಟಿಗೆ ಒಂದೇ ಕೆಲಸದಲ್ಲಿ ಇರೋದು ದೊಡ್ಡೋರಾದ್ಮೇಲೆ ನಮಗೆ ಎಷ್ಟು ಸಲ ಸಿಗುತ್ತೆ.

ಆ ಮಿಲ್ಲು ಈಗ ಪೂರ್ತಿ ಇಲ್ಲ. ಹೋದ ವರ್ಷ ಮಗ್ಗದ ಶೆಡ್ಡು ಕೆಡವಿದ್ರು, ಮೆಟ್ಟಿಲಿರೋ ಕಟ್ಟಡ ಇನ್ನೂ ಇದೆ, ಎಷ್ಟು ದಿನ ಇರುತ್ತೋ. ಕೆಡವೋಕೆ ಶುರು ಮಾಡಿದ್ದು ನೋಡಿ ಯಜಮಾನ್ರೇ ಫೋನ್ ಮಾಡಿ, ಬಾರಪ್ಪ, ಹೇಳ್ತೀನಿ ಬರ್ಕೋ ಅಂದ್ರು. ಅವತ್ತಿಂದ ವಾರಕ್ಕೊಂದು ಸಲ ಅವರ ಮನೇಗೆ ಹೋಗ್ತೀನಿ, ನಾವು ತೆಗೆದ ಫೋಟೋಗಳನ್ನ ದೊಡ್ಡದಾಗಿ ಪ್ರಿಂಟ್ ಹಾಕ್ಸಿದೀವಿ, ಒಂದೊಂದೇ ಮುಂದಿಟ್ಕೊಂಡು ಅವರು ಹೇಳ್ತಾ ಹೋಗ್ತಾರೆ, ಈ ಬೋಲ್ಟಿನ ಗುರುತು ಯಾವ ಯಂತ್ರದ್ದು, ಅಲ್ಲಿ ಯಾರು ನಿಲ್ತಿದ್ರು, ಅವರ ಸ್ವಭಾವ ಏನು, ಯಾರು ಹಾಡ್ತಿದ್ರು, ಯಾರ ಬೆರಳು ಹೋಯ್ತು. ನಾನು ರೆಕಾರ್ಡ್ ಮಾಡ್ಕೋತೀನಿ, ಅವರ ಮೊಮ್ಮಗಳು ಕೂತು ಟೈಪ್ ಮಾಡ್ತಾಳೆ. ನೆಲ ಮಹಡಿ, ಮೊದಲನೇದು, ಎರಡನೇದು ಆಗಿದೆ. ಬಾಯ್ಲರ್ ಮನೆ ಫೋಟೋ ಎರಡು ಸಲ ತೆಗೆದು ಇಟ್ಟೆ, ಎರಡು ಸಲಾನೂ ಅವರು ಇದು ಇವತ್ತು ಬೇಡ ಅಂತ ಪಕ್ಕಕ್ಕಿಟ್ರು. ಹೋದ ವಾರ ಹೊರಡುವಾಗ ಅವರೇ ಬಾಗಿಲವರೆಗೂ ಬಂದು, ಬರೋ ಸಲ ಆ ಬಾಯ್ಲರ್ ಮನೇದು ತಗೊಂಡು ಬಾ ಅಂದಿದಾರೆ.